ಸೋಲದವನ ಸಂಗೀತ

ಅಪ್ಪ: ನಿಲ್ಸು, ನಿಲ್ಸು! ಇದು ಹಾಡಾ, ಇಲ್ಲಾ ತಗಡಿನ ಡಬ್ಬ ಮೆಟ್ಟಿಲ ಮೇಲಿಂದ ಉರುಳಿದ್ದಾ?

ಮಗಳು: ವಿಡಿಯೋ ಗೇಮಿನ ಸಂಗೀತ ಅಪ್ಪ. ಪರದೆ ಮೇಲೆ ಇಬ್ರು ಗುದ್ದಾಡ್ತಾ ಇರುವಾಗ ಹಿಂದೆ ಬರೋದು.

ಅಪ್ಪ: ಗುದ್ದಾಡೋರಿಗೆ ಸಂಗೀತ ಯಾಕೆ? ಮೂಳೆ ಮುರಿಯೋದು ಕೇಳಿಸ್ಬಾರ್ದು ಅಂತಲಾ?

ಅಪ್ಪ ನಿವೃತ್ತ ಸಂಗೀತ ಮೇಷ್ಟ್ರು. ಊರಿನ ಅರ್ಧ ಮಕ್ಕಳಿಗೆ ಹಾಡು ಕಲಿಸಿ, ಒಬ್ಬರನ್ನೂ ಹೊಗಳದ ಪುಣ್ಯಾತ್ಮರು. ಯಾರು ಎಷ್ಟೇ ಚೆನ್ನಾಗಿ ಹಾಡಲಿ, ಕನ್ನಡಕದ ಡಬ್ಬಿಯಿಂದ ಮೇಜು ಕುಟ್ಟಿ, "ಶ್ರುತಿ ತಪ್ಪಿತು. ಇನ್ನೊಂದ್ಸಲ" ಎನ್ನುವುದು ಅವರ ಪದ್ಧತಿ. ಮಗಳೂ ಆ ಮೇಜಿನ ಮುಂದೆಯೇ ಬೆಳೆದವಳು. ಈಗ ಅವಳ ಕೋಣೆ ತುಂಬ ತಂತಿ, ಸ್ಪೀಕರು, ಮೈಕು. ಗೇಮಿನ ಕಂಪನಿಗೆ ಸಂಜೆಯೊಳಗೆ ಸಂಗೀತದ ಕೊನೆಯ ತುಣುಕು ಕಳಿಸದಿದ್ದರೆ ಈ ಕೆಲಸ ಇನ್ನೊಬ್ಬರ ಪಾಲು.

ಅಪ್ಪ: ಇದು ಮುಗಿಯೋದು ಎಲ್ಲಿ?

ಮಗಳು: ಮುಗಿಯಲ್ಲ. ಒಬ್ಬ ಬೀಳೋ ತನಕ ಸುತ್ತುತ್ತಾನೇ ಇರತ್ತೆ.

ಅಪ್ಪ: ಸತ್ತ ಮೇಲೆ?

ಮಗಳು: ಮತ್ತೆ ಎದ್ದು ಬರ್ತಾನೆ.

ಅಪ್ಪ: ಬರ್ದೇ ಏನು! ಈ ಗದ್ದಲಕ್ಕೆ ಎಂಥಾ ಹೆಣಾನೂ ಎದ್ದು ಕೂರತ್ತೆ.

ಮಗಳು ಹಲ್ಲು ಕಚ್ಚಿಕೊಂಡು ಇನ್ನೊಂದನ್ನು ಹಾಕಿದಳು.

ಮಗಳು: ಇದು ನಾಯಕನದ್ದು.

ಅಪ್ಪ: ನಾಯಕನಾ? ಚಪ್ಪಲಿ ಕಳ್ಕೊಂಡು ಹುಡುಕ್ತಿರೋನ ಥರ ಇದೆ.

ಮಗಳು: ಇದು ಹೆಣ್ಣು ಜಟ್ಟಿದು.

ಅಪ್ಪ: ಈ ತಾಳ ನಂಬ್ಕೊಂಡು ಅವಳು ಸೊಳ್ಳೆ ಹೊಡೀಬೋದು, ಅಷ್ಟೇ.

ಮೂರನೆಯದರಲ್ಲಿ ಮೊದಲು ಟಕ್, ಟಕ್ ಎಂಬ ಒಣ ಸದ್ದು ಬಂತು. ನಡುನಡುವೆ ದಪ್ಪ ಗಂಟಲಿನ "ಹ್ಞೂಂ." ಅಪ್ಪನ ತಲೆ ತಾನಾಗಿ ಆಡತೊಡಗಿತು.

ಅಪ್ಪ: ಹಾಂ! ಇವನಿಗೆ ಗತ್ತಿದೆ. ಯಾರಿವನು?

ಮಗಳು: ಕೊನೇ ರಾಕ್ಷಸ. ಯಾರೇ ಬಂದ್ರೂ ಇವನ ಮುಂದೆ ಮಣ್ಣು ಮುಕ್ಕಬೇಕು.

ಅಪ್ಪ: ಅದೇ ಮತ್ತೆ! ತಾಳ ನೋಡು, ಕಲ್ಲು ಕಲ್ಲು. ಎಲ್ಲಿಂದ ಕದ್ದೆ?

ಮಗಳು: ನಿಮ್ಮ ಕನ್ನಡಕದ ಡಬ್ಬಿಯಿಂದ. ಆ ಹೂಂಕಾರಾನೂ ನಿಮ್ದೇ. ನೀವು ಮನೇಲಿ ಮಕ್ಕಳಿಗೆ ಪಾಠ ಹೇಳುವಾಗ ಮೈಕ್ ಇಟ್ಟಿದ್ದೆ.

ಅಪ್ಪನ ಕೈಯಲ್ಲಿದ್ದ ಡಬ್ಬಿ ಮೇಜಿಗೆ ತಾಗದೆ ಅರ್ಧಕ್ಕೇ ನಿಂತಿತು.

ಅಪ್ಪ: ಹೆತ್ತಪ್ಪನ್ನೇ ರಾಕ್ಷಸ ಮಾಡಿದ್ಯಾ?

ಮಗಳು: ಸೋಲದೇ ಇರೋರು ಅಂದ್ರೆ ನಂಗೆ ಗೊತ್ತಿರೋದು ನೀವೊಬ್ರೇ. ಈಗ ಫಜೀತಿ ಆಗಿರೋದೂ ಅದಕ್ಕೇ. ಇವನು ಸೋತಾಗಿನ ಸದ್ದು ಸಂಜೆಗೆ ಬೇಕಂತೆ. ಎಲ್ಲಿಂದ ತರ್ಲಿ? ನೀವು ಯಾವತ್ತಾದ್ರೂ ಸೋತಿದ್ರೆ ತಾನೇ? ನನ್ನ ಹಾಡಿಗೆ ಒಂದೇ ಒಂದ್ಸಲ 'ಚೆನ್ನಾಗಿದೆ' ಅಂದಿದ್ರೆ ಸಾಕಿತ್ತು.

ಕೊನೆಕೊನೆಗೆ ಅವಳ ದನಿ ನಡುಗಿತು. ಅಪ್ಪ ಗೋಡೆ ನೋಡಿದರು, ಮೈಕು ನೋಡಿದರು, ಡಬ್ಬಿಯನ್ನು ಜೇಬಿಗೆ ತುರುಕಿದರು.

ಅಪ್ಪ: ಅದು... ಆ ಮೈಕು ಆನ್ ಇದ್ಯಾ?

ಮಗಳು: ಇದೆ.

ಅಪ್ಪ: (ಕೆಮ್ಮುತ್ತ) ಚೆ... ಚೆನ್ನಾಗಿದೆ.

ಮಗಳು ಕಣ್ಣೊರೆಸಿಕೊಂಡಳು. ಆಮೇಲೆ ಪೆನ್ನು ತೆಗೆದುಕೊಂಡು ಟಕ್, ಟಕ್ ಎಂದು ಮೇಜು ಕುಟ್ಟಿದಳು.

ಮಗಳು: ಶ್ರುತಿ ತಪ್ಪಿತು. ಇನ್ನೊಂದ್ಸಲ.