ಬಿ.ಎಸ್ಸಿ.ಗೂ ಬಂತು ವಾರಾಬಂದಿ

ನಮ್ಮ ಕಾಕಾ ಲೋಕದ ಸಮಸ್ಯೆಗಳನ್ನೆಲ್ಲ ಎರಡೇ ಭಾಗ ಮಾಡಿಟ್ಟಿದ್ದಾನೆ: ಗೇಟು ಎತ್ತಿದರೆ ಬಗೆಹರಿಯುವವು, ಗೇಟು ಇಳಿಸಿದರೆ ಬಗೆಹರಿಯುವವು. ಮೂರನೆಯ ನಮೂನೆಯ ಸಮಸ್ಯೆಯೊಂದಿದೆ ಎಂದು ಯಾರಾದರೂ ಹೇಳಿದರೆ, ಅವರಿಗೆ ಗೇಟು ಎಲ್ಲಿದೆ ಎಂಬುದೇ ಗೊತ್ತಿಲ್ಲ ಎಂದು ಅವನ ತೀರ್ಮಾನ!

ಅವನದೂ ತಪ್ಪಲ್ಲ ಬಿಡಿ. ಸಗರದ ಕಡೆಗೆ ಕಾಲುವೆ ಬಂದ ವರ್ಷವೇ ಅವನಿಗೆ ಗೇಟು ನೋಡಿಕೊಳ್ಳುವ ನೌಕರಿ ಸಿಕ್ಕಿತು. ಕಾಲುವೆಯ ತಲೆಯಲ್ಲಿ ಹೊಲ ಇದ್ದವರು ಭತ್ತ ಹಚ್ಚಿ ನೀರೆಲ್ಲ ಕುಡಿಸಿಬಿಡುತ್ತಿದ್ದರು, ತುದಿಯವರ ಹತ್ತಿ ಒಣಗುತ್ತಿತ್ತು. ಅದಕ್ಕೇ ಸರದಿ ಪ್ರಕಾರ ಕೆಲವು ದಿನ ಚಾಲೂ, ಕೆಲವು ದಿನ ಬಂದ್ ಎಂಬ ವಾರಾಬಂದಿ. ಸರಕಾರ ಅದನ್ನು ಕಾಲುವೆಗಷ್ಟೇ ಮಾಡಿತ್ತು. ಕಾಕಾ ಮನೆಗೂ ತಂದ.

ನಮ್ಮಕ್ಕನ ಮದುವೆಯಲ್ಲಿ ಊಟದ ಪಂಕ್ತಿಗೆ ಇವನೇ ಯಜಮಾನ. ಹೋಳಿಗೆ ಬುಟ್ಟಿ ಹಿಡಿದವರನ್ನು ತಡೆದು, "ತಲಿಗಿ ಕುಂತವ್ರಿಗಿ ಹೆಂಗಿದ್ರೂ ಮುಟ್ತದ. ಮೊದಲ ತುದಿಗಿ ನಡೀರಿ!" ಎಂದು ಅಪ್ಪಣೆ ಕೊಟ್ಟ. ತಲೆಗೆ ಕುಳಿತವರು ಯಾರು? ಬೀಗರು! ಅವರ ಎಲೆಗೆ ಹೋಳಿಗೆ ಬರುವಷ್ಟರಲ್ಲಿ ತುಪ್ಪ ಮುಗಿದಿತ್ತು. ಆ ಬೀಗರು ಇವತ್ತಿಗೂ ನಮ್ಮ ಮನೆಯ ಕಾರ್ಯಕ್ಕೆ ಬಂದರೆ ಬಿರಬಿರನೆ ಹೋಗಿ ಪಂಕ್ತಿಯ ತುದಿಯಲ್ಲೇ ಕೂಡುತ್ತಾರೆ.

ಇಂಥವನ ಕೈಗೆ ನನ್ನ ಬಿ.ಎಸ್ಸಿ. ಸಿಕ್ಕಿತು ನೋಡಿ!

ಶಹಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತೆಗೆದುಕೊಂಡಿದ್ದೆ. ನಮ್ಮ ಮನೆತನದಲ್ಲಿ ಸೈನ್ಸ್ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮೊದಲ ವರ್ಷದ ಕೊನೆಗೆ ಅದೇ ಮೆಟ್ಟಿಲಿನಿಂದ ಉರುಳಿದವಳೂ ನಾನೇ. ಗಣಿತದ ಎರಡೂ ಪೇಪರು, ಭೌತಶಾಸ್ತ್ರದ್ದೊಂದು, ಒಟ್ಟು ಮೂರು ನಪಾಸು. ಅಪ್ಪ ಪ್ರೈಮರಿ ಶಾಲೆಯ ಮಾಸ್ತರ. "ಅಕ್ಟೋಬರದಾಗ ಮತ್ತ ಪರೀಕ್ಷಾ ಅದ. ಗಣಿತ ದಾಟಿದ್ರ ಸೈನ್ಸ್. ಇಲ್ಲಂದ್ರ ಸುಮ್ಮ ಬಿ.ಎ.ಕ ನಡಿ" ಎಂದರು. ನನಗೆ ಬಿ.ಎ. ಮೇಲೆ ಸಿಟ್ಟಿರಲಿಲ್ಲ. ಆದರೆ ಗಣಿತ ಬೇಕಿತ್ತು. ಬರುತ್ತಿರಲಿಲ್ಲ, ಆದರೂ ಬೇಕಿತ್ತು. ಇದೆಂಥ ಹುಚ್ಚೋ!

ಹಳೆಯವು ಮೂರು, ಎರಡನೇ ವರ್ಷದ ಹೊಸವು ಆರು. ಒಂಬತ್ತಕ್ಕೂ ದಿನಕ್ಕೊಂದೊಂದು ತಾಸು ಹಂಚಿ, ಮೂರು ಬಣ್ಣದ ಪೆನ್ನಿನಲ್ಲಿ ಟೈಮ್ ಟೇಬಲ್ ಬರೆದು ಪಡಸಾಲೆಯ ಗೋಡೆಗೆ ಅಂಟಿಸಿದೆ. ಕಾಕಾ ಬಂದು ಓದಿದ.

"ಒಂಬತ್ತೂ ದಿನಾಲೂ ಓದಾಕಿ?"

"ಹೂಂ ಕಾಕಾ."

"ಒಂಬತ್ತು ಗೇಟು ಒಮ್ಮಿಗೇ ಎತ್ತತೀ? ಒಂದು ಹೊಲದಾಗೂ ಹಿಮ್ಮಡ ತೋಯಂಗಿಲ್ಲ ಮಗಳ!" ಎಂದವನೇ ಕಾಗದವನ್ನು ಗೋಡೆಯಿಂದ ಕಿತ್ತು ಮಡಚಿ ಕಿಸೆಗೆ ಹಾಕಿಕೊಂಡ. ಮೂರು ಬಣ್ಣದ ಶ್ರಮ!

ಮರುದಿನ ಅವನು ನೇರ ಕಾಲೇಜಿಗೇ ಹೋದ. ಬೇವಿನ ಗಿಡದ ಕೆಳಗೆ ನಿಂತಿದ್ದ ಗಣಿತದ ಸರ್‌ಗೆ ಕೈಮುಗಿದು, "ಸರ, ನಿಮ್ಮ ಗಣಿತ ಎಷ್ಟು ನೀರು ಕುಡೀತದ್ರಿ?" ಎಂದು ಕೇಳಿದ. ನಾನು ಕಿಟಕಿಯ ಒಳಗಿನಿಂದ ನೋಡುತ್ತಾ, ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಂಡೆ. ಆದರೆ ಸರ್ ಕೂಡ ಒಕ್ಕಲುತನದ ಮನೆಯವರು. ತುಸು ಯೋಚಿಸಿ ಹೇಳಿದರು: "ಭತ್ತ ಇದ್ದಂಗರಿ. ದಿನಾ ನೀರು ನಿಂತಿರಬೇಕು."

ರಸಾಯನಶಾಸ್ತ್ರದ ಮೇಡಂ ತಮ್ಮದು ಹತ್ತಿ, ನಡುನಡುವೆ ಬಿಟ್ಟರೆ ಸಾಕು ಎಂದರು. ಭೌತಶಾಸ್ತ್ರದ ಸರ್ ನಕ್ಕು, "ಮೊದಲ ಗಣಿತಕ್ಕ ಬಿಡ್ರಿ. ಅಲ್ಲಿಂದ ಬಸದು ಬಂದಿದ್ದೇ ನನಗ ಅರ್ಧ ಸಾಕಾಗ್ತದ" ಎಂದರಂತೆ. ವರ್ಷಪೂರ್ತಿ ಕ್ಲಾಸಿನಲ್ಲಿ ಕುಳಿತ ನನಗೆ ಯಾರೂ ಹೇಳಿರದ ಈ ಗುಟ್ಟನ್ನು ಕಾಕಾ ಹತ್ತು ನಿಮಿಷದಲ್ಲಿ ತಿಳಿದುಕೊಂಡು ಬಂದಿದ್ದ!

ಹೊಸ ಆಜ್ಞೆ ಹೊರಟಿತು. ಅಕ್ಟೋಬರಿಗೆ ಗಣಿತದ ಎರಡೇ ಪೇಪರು ಕಟ್ಟುವುದು. ಹಳೆಯ ಭೌತಶಾಸ್ತ್ರ ಮಾರ್ಚಿಗೆ. ಹೊಸವುಗಳನ್ನು ಕ್ಲಾಸಿನಲ್ಲಿ ಕೇಳಿದರೆ ಸದ್ಯಕ್ಕೆ ಸಾಕು. ಮನೆಯಲ್ಲಿ ಐದು ದಿನ ಗಣಿತ ಚಾಲೂ, ಎರಡು ದಿನ ಎಲ್ಲವೂ ಬಂದ್.

"ಬಂದ್ ಯಾಕ ಕಾಕಾ? ಓದೋರಿಗೆ ರಜಾ ಎಲ್ಲಿಂದ?"

"ದಿನಾ ತುಂಬಿ ಹರದ್ರ ಕಾಲುವಿ ಒಡೀತದ. ನಿನ್ನ ತಲಿ ಏನು ಸಿಮೆಂಟಿಂದಾ?"

ಬಂದ್ ದಿನ ಪುಸ್ತಕಗಳೆಲ್ಲ ಟ್ರಂಕಿಗೆ, ಕೀಲಿ ಅವನ ಉಡಿದಾರಕ್ಕೆ. ನನಗೋ ಜೀವ ನಿಲ್ಲದು. ಗೆಳತಿಯರೆಲ್ಲ ನಪಾಸಾದವನ್ನೆಲ್ಲ ಒಮ್ಮೆಗೇ ಕಟ್ಟಿದ್ದರು. ಪರೀಕ್ಷೆಯ ಫಾರ್ಮು ಕೊಡುವ ಕಿಟಕಿಯ ಹತ್ತಿರ, "ಎರಡೇ ಏನು? ಅಂಜಿಬಿಟ್ಟೆ ಏನವಾ?" ಎಂದು ನಕ್ಕರು. ಅವತ್ತು ಊರಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಿದ್ದೆ.

ಹೀಗಾಗಿ ಒಂದು ಬಂದ್ ದಿನ ಟ್ರಂಕಿಗೆ ಕೀಲಿ ಬೀಳುವ ಮೊದಲೇ ಭೌತಶಾಸ್ತ್ರದ ಪುಸ್ತಕವನ್ನು ಕದ್ದು, ರೊಟ್ಟಿ ಬುಟ್ಟಿಯ ಕೆಳಗಿನಿಂದ ತೆಗೆದು ಓದತೊಡಗಿದೆ. ಕಾಲುವೆಗೆ ರಾತ್ರೋರಾತ್ರಿ ಪೈಪು ಹಾಕಿದವರನ್ನೇ ಹಿಡಿಯುವವನಿಗೆ ರೊಟ್ಟಿ ಬುಟ್ಟಿ ಯಾವ ಲೆಕ್ಕ?

"ಕಳ್ಳ ಪೈಪು!" ಎಂದು ಪಡಸಾಲೆ ಅದುರುವಂತೆ ಕೂಗಿದ. ಬಿಡಲಿಲ್ಲ, ಕಾಗದ ತಂದು ಪಂಚನಾಮೆ ಬರೆದ. ಸಾಕ್ಷಿಯಾಗಿ ಅವ್ವ ಹೆಬ್ಬೆಟ್ಟು ಒತ್ತಿದಳು. ಆ ಪುಸ್ತಕವನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟವಳೇ ಅವ್ವ!

ಚಾಲೂ ದಿನಗಳಲ್ಲಿ ಮಾತ್ರ ಅವನು ಬೇರೆಯೇ ಮನುಷ್ಯ. ನಾನು ಲೆಕ್ಕ ಮಾಡುವಾಗ ಎದುರು ಕುಳಿತು, ಬೀಡಿಯನ್ನೂ ಹಚ್ಚದೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ಈ ಎಕ್ಸ್ ಅಂದ್ರ ಎಷ್ಟು?"

"ಗೊತ್ತಿಲ್ಲ ಕಾಕಾ. ಅದನ್ನೇ ಹುಡುಕಾಕತ್ತೀನಿ."

"ಎಷ್ಟಂತ ಗೊತ್ತಿಲ್ಲದ್ದಕ್ಕ ಹೆಸರು ಮೊದಲೇ ಯಾಕಿಟ್ರು? ಹುಟ್ಟದ ಕೂಸಿಗಿ ಯಾರರ ತೊಟ್ಟಿಲ ಕಟ್ತಾರೇನು?"

ಉತ್ತರ ಹೇಳಲು ಹೋಗಿ ನಾನೇ ತಡಬಡಿಸುತ್ತಿದ್ದೆ. ಮರುದಿನ ಸರ್‌ಗೆ ಕೇಳಿ ಬಂದು ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ ನನಗೇ ತಿಳಿಯುತ್ತಿತ್ತು. ಆದರೆ ಒಂದು ಮಾತ್ರ ತಿಳಿಯಲಿಲ್ಲ: ಏಳನೇ ಇಯತ್ತೆಗೇ ಸಾಲಿ ಬಿಟ್ಟ ಈ ಮನುಷ್ಯನಿಗೆ ಇದೆಲ್ಲ ಯಾಕೆ ಬೇಕು?

ಅಕ್ಟೋಬರ್ ಬಂತು, ಹೋಯಿತು. ಫಲಿತಾಂಶದ ದಿನ ಕಾಲೇಜಿನ ಹಲಗೆಯ ಮೇಲೆ ನನ್ನ ನಂಬರು ಹುಡುಕಿದೆ. ಒಂದರಲ್ಲಿ ಮೂವತ್ತೆಂಟು, ಇನ್ನೊಂದರಲ್ಲಿ ನಲವತ್ನಾಲ್ಕು. ಎರಡೂ ಪಾಸು! ಅಪ್ಪ ಅಂಕ ಬರೆದ ಚೀಟಿಯನ್ನು ಎರಡು ಸಲ ಓದಿ, "ನಡಿ, ಸೈನ್ಸೇ ಓದು" ಎಂದರು. ಅವ್ವ ಸಕ್ಕರೆ ಹಂಚಿದಳು. ತುದಿಯ ಮನೆಯಿಂದಲೇ ಶುರು ಮಾಡಿದಳು ಎಂದು ಬೇರೆ ಹೇಳಬೇಕೆ?

ಕಾಕಾ ಮಾತ್ರ ಕುಣಿಯಲಿಲ್ಲ. ಮರುದಿನ ಮುಂಜಾನೆ, "ಗೇಟಿನ ತನಕ ಬರ್ತೀ ಏನು ಮಗಳ?" ಎಂದ. ಹೋದೆ. ಕಾಲುವೆಯ ದಂಡೆಯ ಮೇಲೆ ಕುಳಿತು, ಒಳಕಿಸೆಯಿಂದ ಮಡಿಕೆ ಹರಿದ ಒಂದು ಕಾಗದ ತೆಗೆದ. ಕಾಲುವೆಯಲ್ಲಿ ಎಷ್ಟು ಫೂಟು ನೀರಿದ್ದರೆ ಎಷ್ಟು ನೀರು ಹರಿಯಿತು ಎಂದು ರಿಜಿಸ್ಟರಿನಲ್ಲಿ ಬರೆಯಬೇಕೆಂಬ ಪಟ್ಟಿ ಅದು.

"ಒಂದು ಫೂಟಿಗಿ ಹತ್ತು ಬರಿ ಅಂತಾರ. ಎರಡು ಫೂಟಿಗಿ ಇಪ್ಪತ್ತಾಗಬೇಕಲ್ಲ? ಇಪ್ಪತ್ತೆಂಟು ಬರಿ ಅಂತಾರ. ಮ್ಯಾಲಿನ ಎಂಟು ಎಲ್ಲಿಂದ ಬಂತು? ತುದಿಯವ್ರು ಬಂದು, ನಿನ್ನ ರಿಜಿಸ್ಟರದಾಗ ನೀರು ಅದ, ನಮ್ಮ ಹೊಲದಾಗ ಎಲ್ಲದ ಅಂತ ಬೈತಾರ. ಸಾಹೇಬ್ರನ್ನ ಕೇಳಿದೆ. ನೀ ಬರಿ, ತಿಳಕೊಳ್ಳಾದು ನಿನ್ನ ಕೆಲಸಲ್ಲ ಅಂದ್ರು. ಎಂಟು ವರ್ಷಾತು, ದಿನಾ ಸುಳ್ಳು ಬರದು ರುಜು ಹಾಕಾಕತ್ತೀನೇನು ಅಂತ ನನಗ ಅನ್ನ ಸೇರಂಗಿಲ್ಲ."

ನಾನು ಪಟ್ಟಿ ನೋಡಿದೆ. ಪರೀಕ್ಷೆಯ ಹಾಲಿನಲ್ಲೂ ಯಾವ ಪ್ರಶ್ನೆಯನ್ನೂ ಅಷ್ಟು ಹುಷಾರಾಗಿ ಓದಿರಲಿಲ್ಲ.

"ಕಾಕಾ, ಒಂದು ಫೂಟು ನೀರಿದ್ದಾಗ ಒಂದು ಎಲಿ ಒಗದ್ರ ಹೆಂಗ ಹೋಗ್ತದ?"

"ಸಾವಕಾಶ ಹೋಗ್ತದ."

"ಎರಡು ಫೂಟು ಇದ್ದಾಗ?"

"ಓಡ್ತದ."

"ಅಂದ್ರ ನೀರು ದುಪ್ಪಟ್ಟು ಆತು, ಮ್ಯಾಲ ಅದರ ಓಟಾನೂ ಹೆಚ್ಚಾಗಿ ಹತ್ತಿದ್ದದ್ದು ಹದಿನಾಕಾತು. ಎರಡನ್ನೂ ಗುಣಿಸಿದ್ರ ಇಪ್ಪತ್ತೆಂಟು. ಬರೋಬರ್ ಅದ."

ಅವನು ದಂಡೆಯ ಮೇಲಿನ ಒಂದು ಎಲೆ ಎತ್ತಿ ನೀರಿಗೆ ಒಗೆದು, ಅದು ಓಡುವುದನ್ನು ನೋಡಿದ. "ಹಂಗಾದ್ರ ನಾ ಬರದದ್ದು ಸುಳ್ಳಲ್ಲ?"

"ಸುಳ್ಳಲ್ಲ ಕಾಕಾ. ಒಂದು ದಿನಾನೂ ಅಲ್ಲ."

ಕಾಕಾ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ನಾನೂ ಅತ್ತೆ. ಮುಂದೆ ಗಣಿತದಲ್ಲಿ ನನಗೆ ಎಷ್ಟೋ ಒಳ್ಳೆಯ ಅಂಕಗಳು ಬಂದವು. ಆದರೆ ನನ್ನ ಉತ್ತರಕ್ಕಾಗಿ ಒಬ್ಬ ಮನುಷ್ಯ ಎಂಟು ವರ್ಷ ಕಾದು ಕುಳಿತದ್ದು ಅದೊಂದೇ ಲೆಕ್ಕದಲ್ಲಿ.