ಮುಖ ಮುಚ್ಚಿದರೆ ಫೋಟೋ ಎಂತಕ್ಕೆ?

ಯಂತ್ರಗಳೆಲ್ಲ ಒಂದೇ ತರ. ಅವನ್ನು ಕೊಂಡವರು ಮಾತ್ರ ಒಬ್ಬೊಬ್ಬರು ಒಂದೊಂದು ನಮೂನೆ. ಹಾಗಾಗಿ ನನ್ನ ಸಿಟ್ಟಿಗೆ ರಜೆ ಎಂಬುದೇ ಇಲ್ಲ. ನನ್ನ ಕೆಲಸ ವರ್ಕ್‌ಶಾಪುಗಳಿಗೆ ಹೋಗಿ ಪ್ಲಾಸ್ಮಾ ಕಟ್ಟರ್ ಕೂರಿಸಿಕೊಡುವುದು. ಗಾಳಿಯನ್ನೂ ಕರೆಂಟನ್ನೂ ಸೇರಿಸಿ ದಪ್ಪ ಕಬ್ಬಿಣವನ್ನು ಬಾಳೆದಿಂಡಿನ ಹಾಗೆ ಕೊಯ್ಯುವ ಯಂತ್ರ ಅದು. ಅದರ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು, ಕಿಡಿ ಹಾರುವಲ್ಲಿ ತೆಳು ಬಟ್ಟೆ ಉಡಬಾರದು, ಅರ್ಥಿಂಗ್ ಸರಿಯಿಲ್ಲದೆ ಗುಂಡಿ ಒತ್ತಬಾರದು. ಇಷ್ಟು ಹೇಳಿದರೆ ಜನ ನನ್ನನ್ನು ಹೆದರುಪುಕ್ಕಲ ಎನ್ನುತ್ತಾರೆ. ನನಗೆ ಕೆಲಸ ಕಲಿಸಿದ ಸೋದರಮಾವನ ಬಲಗಣ್ಣು ಹೋದದ್ದು, "ಸಣ್ಣ ಒಂದು ತುಂಡು, ಅದಕ್ಕೆ ಕನ್ನಡಕ ಎಂತಕ್ಕೆ?" ಎಂದ ದಿನ. ನಾನು ಕೂರಿಸಿದ ಯಂತ್ರದಿಂದ ಇನ್ನೊಬ್ಬರ ಕಣ್ಣು ಹೋಗಬಾರದು. ಇದು ನನ್ನ ಹಟ.

ಮರ್ಯಾದಸ್ಥ

ಉಪ್ಪಳದಲ್ಲಿ ಗೇಟು ಮಾಡುವ ಒಂದು ವರ್ಕ್‌ಶಾಪ್. ಅಲ್ಲಿನ ಕೆಲಸಗಾರ ಗಲ್ಫಿನಲ್ಲಿ ದುಡಿದು ಬಂದವ. ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ ನಿಂತಿದ್ದ.

"ದಪ್ಪ ಪ್ಯಾಂಟು ಹಾಕಿ ಬಾ ಮಾರಾಯ" ಎಂದೆ.

"ಇಷ್ಟು ಸೆಕೆಗೆ ಪ್ಯಾಂಟಾ? ದುಬೈಯಲ್ಲಿ ಎಷ್ಟು ಕೊಯ್ದಿಲ್ಲ ನಾನು!"

ಪ್ಯಾಂಟು ಬರುವ ತನಕ ಟಾರ್ಚ್, ಅಂದರೆ ಕಿಡಿ ಉಗುಳುವ ಹಿಡಿಕೆ, ಮುಟ್ಟಬೇಡ ಎಂದು ಹೇಳಿ, ನಾನು ಗಾಳಿ ತುಂಬಿಸುವ ಕಂಪ್ರೆಸರ್ ನೋಡಲು ಹಿಂದೆ ಹೋದೆ. ತಿರುಗಿ ಬರುವಾಗ ಪುಣ್ಯಾತ್ಮ ಕೊಯ್ಯಲು ಶುರು ಮಾಡಿಯಾಗಿತ್ತು. ಅಷ್ಟರಲ್ಲಿ ಕಟ್ಟಡದ ಯಜಮಾನರು ಒಳಗೆ ಬರಬೇಕೇ? ಹಿರಿಯರು ಎದುರಾದರೆ ಎತ್ತಿ ಕಟ್ಟಿದ ಲುಂಗಿಯನ್ನು ಇಳಿಸುವುದು ನಮ್ಮ ಕಡೆಯ ಕ್ರಮ. ಇವನು ಬಲಗೈಯಲ್ಲಿ ಉರಿಯುವ ಟಾರ್ಚ್ ಹಿಡಿದೇ ಎಡಗೈಯಲ್ಲಿ ಲುಂಗಿ ಇಳಿಸಿದ. ಅದು ನೇರವಾಗಿ ಕಿಡಿಯ ಮೇಲೆ ಇಳಿಯಿತು.

ನಾನು ಓಡಿ ಮೇನ್ ಸ್ವಿಚ್ ಆಫ್ ಮಾಡಿ, ಮೂಲೆಯಲ್ಲಿ ಇಡಿಸಿದ್ದ ಮರಳಿನ ಬಕೆಟನ್ನು ಅವನ ಕಾಲಿಗೆ ಸುರಿದೆ. ಕಾಲಿನ ಕೂದಲು ಸುಟ್ಟದ್ದು ಬಿಟ್ಟರೆ ಅವನಿಗೆ ಏನೂ ಆಗಲಿಲ್ಲ. ಮೈಯೆಲ್ಲ ಉರಿದದ್ದು ನನಗೆ. ಬಾಯಿಗೆ ಬಂದಂತೆ ಬೈದೆ. ಯಜಮಾನರು ನನ್ನನ್ನೇ ತಡೆದರು.

"ಅವನಿಗೆ ಬೈಬೇಡಿ. ಈಗಿನ ಕಾಲದಲ್ಲಿ ಇಂಥವರು ಎಲ್ಲಿ ಸಿಗ್ತಾರೆ? ಬೆಂಕಿ ಹೊತ್ತಿದರೂ ಲುಂಗಿ ಎತ್ತಲಿಲ್ಲ ನೋಡಿ!"

ಹಸಿರು ಬೆಂಕಿ

ಬಾಯಾರಿನ ಒಬ್ಬ ಕೃಷಿಕರು ಮನೆಯ ಶೆಡ್ಡಿಗೆಂದು ಯಂತ್ರ ತರಿಸಿದ್ದರು. ಕೂರಿಸಿಕೊಟ್ಟು ಬಂದ ಕೆಲವೇ ದಿನಗಳಲ್ಲಿ ಫೋನ್.

"ಎಂತ ಮೆಷಿನ್ ಕೊಟ್ಟದ್ದು ನೀವು? ಬೆಂಕಿ ಹಸಿರು ಬರ್ತದೆ. ನೋಡ್ಲಿಕ್ಕೆ ಚಂದ ಉಂಟು, ಕೊಯ್ಯುದಿಲ್ಲ."

ಬಸ್ಸು ಹಿಡಿದು ಹೋದೆ. ಟಾರ್ಚಿನ ತುದಿ ಬಿಚ್ಚಿದರೆ ಒಳಗಿನಿಂದ ನೀಲಿ ಹನಿ ತೊಟ್ಟಿಕ್ಕಿತು. ಆ ಯಂತ್ರಕ್ಕೆ ಒಣ ಗಾಳಿಯೇ ಬೇಕು, ತೇವ ಸೇರಿದರೆ ತುದಿಯೇ ಸುಟ್ಟುಹೋಗುತ್ತದೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಗಾಳಿಯ ಪೈಪನ್ನು ಹಿಂಬಾಲಿಸಿದೆ. ನಾನು ಕೊಟ್ಟ ಹೊಸ ಪೈಪಿನಲ್ಲಿ ಅವರು ದನಗಳನ್ನು ಮೀಯಿಸುತ್ತಿದ್ದರು. ಕಂಪ್ರೆಸರಿಗೆ ಸಿಕ್ಕಿಸಿದ್ದು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ ನೀಲಿ ಮದ್ದು ಬಿಡುವ ಪೈಪು!

"ಇದನ್ನು ಯಾಕೆ ಹಾಕಿದ್ದು?"

"ನಿಮ್ಮದು ಗಿಡ್ಡ ಆಯ್ತು. ಇದು ಎಷ್ಟು ಪ್ರೆಷರ್ ಆದ್ರೂ ತಡೀತದೆ. ತೊಳ್ದೇ ಹಾಕಿದ್ದು."

"ನೀರಿನಲ್ಲಿ ತೊಳೆದಿರಾ?"

"ಮತ್ತೆಂತ, ಚಾಯದಲ್ಲಿ ತೊಳೀಲಿಕ್ಕುಂಟಾ?"

ಆ ಮದ್ದು ಸುಟ್ಟ ಹೊಗೆ ನಿಮ್ಮ ಎದೆಗೆ ಹೋಗುವುದಲ್ಲವೇ ಎಂದು ಕೂಗಾಡಿದೆ. ತುದಿ ಬದಲಿಸಿ, ಪೈಪು ಬದಲಿಸಿ ಬೆವರು ಒರೆಸಿಕೊಳ್ಳುವಾಗ ಅವರೇ ನನಗೆ ಸಮಾಧಾನ ಹೇಳಿದರು.

"ಬಿಡಿ ಮಾರಾಯ್ರೆ. ಒಂದು ಒಳ್ಳೇದಾಯ್ತು. ಇನ್ನು ಈ ಮೆಷಿನಿಗೆ ಕೊಳೆರೋಗ ಬರುದಿಲ್ಲ."

ಬದಿಯಡ್ಕದ ಉದ್ಘಾಟನೆ

ಇವರೆಲ್ಲ ವಾಸಿ ಎನಿಸಿದ್ದು ಬದಿಯಡ್ಕದಲ್ಲಿ. ಹೊಸ ವರ್ಕ್‌ಶಾಪಿನ ಮಾಲಕರಿಗೆ ಒಂದು ಆಸೆ: ಮುಖ್ಯ ಅತಿಥಿ ರಿಬ್ಬನನ್ನು ಪ್ಲಾಸ್ಮಾದಿಂದಲೇ ಕೊಯ್ಯಬೇಕು. ಅದು ಬಟ್ಟೆ ಕೊಯ್ಯುವುದಿಲ್ಲ, ಲೋಹ ಮಾತ್ರ ಎಂದೆ. ಮರುದಿನ ಹೋದರೆ ಬಾಗಿಲಿಗೆ ಅಡ್ಡವಾಗಿ ತಗಡಿನ ರಿಬ್ಬನ್! ಅದಕ್ಕೆ ಕೆಂಪು ಪೇಂಟ್ ಬೇರೆ. ಕೊಯ್ಯುವಲ್ಲಿ ಪೇಂಟು ಕೆರೆಸಿದೆ.

ಅತಿಥಿ ಪಂಚಾಯತ್ ಚುನಾವಣೆಗೆ ನಿಂತ ಅಭ್ಯರ್ಥಿ. ಚರ್ಮದ ಏಪ್ರನ್ನಿಗೆ ಒಪ್ಪಿದರು, ಕೈಗವಸಿಗೂ ಒಪ್ಪಿದರು. ಹೆಲ್ಮೆಟ್ ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದರು.

"ಮುಖ ಮುಚ್ಚಿದರೆ ಫೋಟೋ ಎಂತಕ್ಕೆ? ನಾನೇ ಅಂತ ಯಾರಿಗೆ ಗೊತ್ತಾಗುದು?"

"ಕಣ್ಣು ಹೋಗ್ತದೆ."

"ಹಾಗಾದ್ರೆ ಕಣ್ಣು ಮುಚ್ಚಿ ಕೊಯ್ತೇನೆ."

"ಕಣ್ಣು ಮುಚ್ಚಿದರೆ ಬೆರಳು ಹೋಗ್ತದೆ!"

ನಾನು ಸ್ವಿಚ್ ಆಫ್ ಮಾಡಿ, ರಿಬ್ಬನಿಗೆ ಕಚ್ಚಿಸಿದ್ದ ಅರ್ಥಿನ ಕ್ಲಾಂಪನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತೆ. ಮಾಲಕರು ಕಿವಿಯಲ್ಲಿ, "ಎಲ್ಲರ ಎದುರು ನನ್ನ ಮಾನ ತೆಗೀಬೇಡಿ" ಎಂದರು. "ಮಾನ ಮತ್ತೆ ಬರ್ತದೆ, ಕಣ್ಣು ಬರುದಿಲ್ಲ. ನನ್ನ ಮಾವನನ್ನು ಕೇಳಿ!" ಎಂದು ನಾನು ಇಡೀ ಪೇಟೆಗೆ ಕೇಳುವಂತೆ ಕೂಗಿದೆ.

ಆಗ ಬೆಂಬಲಿಗರೊಬ್ಬರಿಗೆ ಬುದ್ಧಿ ಹೊಳೆಯಿತು. ಜೀಪಿನಿಂದ ಅಭ್ಯರ್ಥಿಯ ಪ್ರಚಾರದ ನೋಟೀಸು ತಂದು, ಕೈ ಮುಗಿದು ನಿಂತ ಅವರ ಚಿತ್ರ ಕತ್ತರಿಸಿ ಹೆಲ್ಮೆಟ್ಟಿಗೆ ಅಂಟಿಸಿದರು. ಅಂಟಿಸಿದ್ದಾದರೂ ಎಲ್ಲಿಗೆ? ಸರಿಯಾಗಿ ಕಣ್ಣಿನ ಗಾಜಿನ ಮೇಲೆ! ಹಲ್ಲು ಕಚ್ಚಿಕೊಂಡು ಅದನ್ನು ಕಿತ್ತು, ಗಾಜಿಗಿಂತ ಕೆಳಗೆ ನಾನೇ ಅಂಟಿಸಿದೆ. ಅಭ್ಯರ್ಥಿಗೆ ಹೆಲ್ಮೆಟ್ ತೊಡಿಸಿ, ಜನರನ್ನು ಹಿಂದೆ ಕಳಿಸಿ, ಕ್ಲಾಂಪ್ ಕಚ್ಚಿಸಿ, ಸ್ವಿಚ್ ಹಾಕಿದೆ. ರಿಬ್ಬನ್ ತುಂಡಾಯಿತು. ಕಣ್ಣು, ಬೆರಳು ಎಲ್ಲ ಇದ್ದಲ್ಲೇ ಇದ್ದವು. ಆಮೇಲೆ ಹೆಲ್ಮೆಟ್ ತೆಗೆಸದೆಯೇ ಎರಡೂ ಕೈಯಲ್ಲಿ ಟಾರ್ಚ್ ಹಿಡಿಸಿ ಫೋಟೋ ತೆಗೆದರು.

ಮರುದಿನ ಪತ್ರಿಕೆಯಲ್ಲಿ ಅದು ಬಂತು. ಮಾವ ಅದನ್ನು ಎಡಗಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು.

"ನನಗೆ ಇರುದು ಒಂದೇ ಕಣ್ಣು. ಆದ್ರೂ ಎಣಿಸ್ಲಿಕ್ಕೆ ಬರ್ತದೆ. ಎರಡು ಕೈ ಮುಗಿದು ಉಂಟು, ಎರಡು ಕೈ ಟಾರ್ಚ್ ಹಿಡ್ಕೊಂಡು ಉಂಟು. ನೀನು ಹೋದದ್ದು ಮೆಷಿನ್ ಕೂರಿಸ್ಲಿಕ್ಕೆ ಅಲ್ವಾ? ಇದು ಯಾವ ದೇವರನ್ನು ಕೂರಿಸಿ ಬಂದದ್ದು ಮಾರಾಯ?"