ನಾನು ನಿದ್ದೆ ಹೋದ ಕಡೆ ಕತ್ತರಿ

ಕೆಲವರು ಹಾಡುತ್ತಾರೆ, ಕೆಲವರು ರಂಗೋಲಿ ಹಾಕುತ್ತಾರೆ, ನಾನು ನಿದ್ದೆ ಮಾಡುತ್ತೇನೆ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಹಾಸಿಗೆ, ದಿಂಬು, ಕತ್ತಲೆ ಯಾವುದೂ ನನಗೆ ಬೇಕಿಲ್ಲ. ಎದುರಿಗೆ ಯಾರಾದರೂ ಕೂತು ಹುರುಳಿಲ್ಲದ ಮಾತು ಆಡಿದರೆ ಸಾಕು. ಪ್ರವಚನದಲ್ಲಿ ಕಂಬಕ್ಕೆ ಒರಗಿ ಮಲಗಿದ್ದೇನೆ. ಪುಣೆಯ ನಮ್ಮ ಕನ್ನಡ ಮಂದಿ ಮಾಡುವ ರಾಜ್ಯೋತ್ಸವದಲ್ಲಿ, ಮುಖ್ಯ ಅತಿಥಿ ಮೇಜು ಕುಟ್ಟಿ ಕನ್ನಡಿಗರು ಎಚ್ಚೆತ್ತುಕೊಳ್ಳಬೇಕು ಎನ್ನುತ್ತಿದ್ದಾಗ, ಮುಂದಿನ ಸಾಲಿನಲ್ಲೇ ಗೊರಕೆ ಹೊಡೆದಿದ್ದೇನೆ. ಆದರೆ ಕೆಳಗಿನ ಮನೆಯವರು ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳ ತೆಗೆದರೆ ಒಂದು ಶಬ್ದವನ್ನೂ ಬಿಡುವುದಿಲ್ಲ. ಮರಾಠಿಯಲ್ಲಿ ಬೈಯಲಿ, ಹಿಂದಿಯಲ್ಲಿ ಬೈಯಲಿ, ಕೊನೆಯ ಮಾತಿನವರೆಗೂ ಎಚ್ಚರ. ಈ ಗುಣ ಮುಂದೊಂದು ದಿನ ಮನೆಯ ಉಪಯೋಗಕ್ಕೆ ಬರುತ್ತದೆ ಎಂದು ನಮ್ಮವ್ವನಿಗೆ ಯಾರಾದರೂ ಹೇಳಿದ್ದರೆ, ಚಿಕ್ಕಂದಿನಲ್ಲಿ ನನಗೆ ಬಿದ್ದ ಏಟುಗಳಲ್ಲಿ ಅರ್ಧವಾದರೂ ಕಡಿಮೆಯಾಗುತ್ತಿದ್ದವು.

ನನ್ನ ಸೊಸೆ ಸುನಂದಾ ಧಾರವಾಡದಲ್ಲಿ ಕನ್ನಡ ಎಂ.ಎ. ಓದಿದವಳು. ನಾನು ಬಾಗಲಕೋಟೆ ಕಡೆಯವಳು, ಮೂರನೇ ಇಯತ್ತೆಗೇ ಪಾಟಿ ಕೆಳಗಿಟ್ಟು ಶಾಲೆ ಬಿಟ್ಟವಳು. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಓದುತ್ತೇನೆ. ಅದಕ್ಕಿಂತ ಹೆಚ್ಚು ಓದುವ ಪ್ರಸಂಗ ಬಂದಿಲ್ಲ, ಬಂದಾಗ ಕನ್ನಡಕ ಸಿಕ್ಕಿಲ್ಲ. ಸುನಂದಾ ಇಂಟರ್ನೆಟ್ಟಿನಲ್ಲಿ ಒಂದು ವೆಬ್‌ಸೈಟ್ ಮಾಡಿಕೊಂಡು ಅಡುಗೆ, ಮನೆಕೆಲಸ ಇಂಥವುಗಳ ಬಗ್ಗೆ ಕನ್ನಡದಲ್ಲಿ ಲೇಖನ ಬರೆದು ಹಾಕುತ್ತಿದ್ದಳು. ಮದುವೆಯಾಗಿ ಪರ ಊರಿಗೆ ಹೋದ ಹುಡುಗಿಯರು ಹುಡುಕಿ ಓದಲಿ ಎಂಬ ಆಸೆ. ಆಸೆ ಒಳ್ಳೆಯದೇ. ಆದರೆ ಹುಡುಕಿದವರಿಗೆ ಅವಳ ಲೇಖನ ಒಂದೂ ಸಿಗುತ್ತಿರಲಿಲ್ಲ. ವರ್ಷಪೂರ್ತಿ ಬರೆದಳು, ಓದಿದವರು ಅವಳ ತಾಯಿ ಮತ್ತು, ಕೈ ಹಿಡಿದ ತಪ್ಪಿಗೆ, ನನ್ನ ಮಗ ಗಿರೀಶ.

ಗಿರೀಶ ಭೋಸರಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನಿಗೆ ಯಾವುದೇ ಕೆಲಸ ಮುಗಿಯುವ ದಿನ ಗೊತ್ತಿರಬೇಕು. ಗಣಪತಿ ಹಬ್ಬ ಮುಗಿದ ವಾರ ಊಟಕ್ಕೆ ಕೂತಾಗ ಹೇಳಿದ: "ದಸರಾತನಾ ನೋಡೋಣ. ಒಂದರೆ ಲೇಖನ ಸರ್ಚ್‌ನ್ಯಾಗ ಬಂತು, ಮುಂದುವರಸು. ಬರಲಿಲ್ಲಾ, ಬಂದ್ ಮಾಡು. ನಮ್ಮ ಆಫೀಸಿನ್ಯಾಗ ಜಾಗಾ ಖಾಲಿ ಅದ, ಕಂಪನಿ ಬಸ್ಸಿಗೆ ಇಬ್ಬರೂ ಕೂಡೇ ಹೋಗೋಣ."

"ಆತು," ಎಂದಳು ಸುನಂದಾ. ಆದರೆ ಅವನ ತಟ್ಟೆಗೆ ಪಲ್ಯ ಬಿದ್ದ ಸದ್ದು ಕೇಳಿದರೆ ಆಗಿರಲಿಲ್ಲ ಎಂದು ಗೊತ್ತಾಗುತ್ತಿತ್ತು.

ನಾನು ಅಲ್ಲೇ ಕೂತು ವಿಚಾರ ಮಾಡಿದೆ. ಇವರಿಬ್ಬರೂ ಏಳು ಗಂಟೆಗೆ ಬಸ್ಸು ಹತ್ತಿದರೆ ಎರಡು ಡಬ್ಬಿ ಕಟ್ಟುವವರು ಯಾರು? ಐದು ಗಂಟೆಗೆ ಎದ್ದು ರೊಟ್ಟಿ ಬಡಿಯುವವರು ಯಾರು? ನನ್ನ ಮೊಣಕಾಲು ನನ್ನನ್ನೇ ನೋಡಿದವು. ಸೊಸೆಯ ಮೇಲಿನ ಮರುಕ ಎಂದು ನೀವು ತಿಳಿಯಬೇಡಿ. ಆ ಗಳಿಗೆಯಿಂದ ನಾನು ಕನ್ನಡ ಬರವಣಿಗೆಯ ಹಿತಚಿಂತಕಿಯಾದೆ.

"ಖರೇ ಹೇಳು, ನಿಂದ್ಯಾಕ ಯಾರಿಗೂ ಸಿಗವಲ್ದು?" ಎಂದು ಮರುದಿನ ಕೇಳಿದೆ.

"ಅತ್ತಿ, ಒಂದು ಮಷೀನ್ ಇರ್ತದ್ರಿ. ಅದು ಎಲ್ಲಾರ ಸೈಟಿಗೂ ಬಂದು ಓದಿ ಹೋಗ್ತದ. ಚೊಲೋ ಅನಿಸಿದ್ದನ್ನ ತನ್ನ ಯಾದಿಯೊಳಗ ಸೇರಿಸ್ಕೊಂತದ. ಅದರಾಗ ಇದ್ರ ಮಾತ್ರ ಹುಡಿಕಿದವ್ರಿಗೆ ಸಿಗೋದು."

"ನಮ್ಮ ಮನಿಗೆ ಬಂದೇ ಇಲ್ಲೇನು ಅದು?"

"ಬಂದದ್ರಿ. ಎಲ್ಲಾ ನೋಡ್ಯದ. ನೋಡೀವಿ, ಸದ್ಯಕ್ಕ ಸೇರಿಸಿಲ್ಲ ಅಂತ ತೋರಸ್ತದ."

ಇಷ್ಟು ಹೇಳಿದ ಮೇಲೆ ನನಗೆ ಕಂಪ್ಯೂಟರ್ ಪೂರ್ತಿ ತಿಳಿಯಿತು. ಪುಣೆಯಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಕಾಂದೆಪೋಹೆ ಎಂದೇ ಹೆಸರು, ಏಕೆಂದರೆ ಗಂಡಿನವರು ಬಂದು ಈರುಳ್ಳಿ ಅವಲಕ್ಕಿ ತಿನ್ನುವುದಂತೂ ಖಾತ್ರಿ, ಉಳಿದದ್ದು ಖಾತ್ರಿಯಿಲ್ಲ. ಈ ಯಂತ್ರವೂ ಹಾಗೆಯೇ ಅವಲಕ್ಕಿ ತಿಂದು ಹೋಗಿದೆ. ನಮ್ಮ ಕಾಕಾನ ಮಗಳು ಗಂಗವ್ವನನ್ನು ನೋಡಲು ಬಂದಾಗ ಹೀಗೇ ಆಗಿತ್ತು. ಅವಳ ತಾಯಿ ಮಗಳ ಮುಖಕ್ಕೆ ಒಂದು ಡಬ್ಬಿ ಪೌಡರ್ ಬಳಿದು, ಹಾಡು ಬರುತ್ತದೆ, ಕಸೂತಿ ಬರುತ್ತದೆ, ಪುರಾಣ ಓದಲು ಬರುತ್ತದೆ ಎಂದು ಉಸಿರು ಬಿಡದೆ ಹೊಗಳಿದಳು. ಎಲ್ಲ ಕೇಳಿಸಿಕೊಂಡು ಗಂಡಿನ ಸೋದರತ್ತೆ, "ಎಲ್ಲಾ ಬರೋಬ್ಬರಿ ಆತು, ಹುಡುಗಿ ಮಾರಿ ಯಾವಾಗ ತೋರಸ್ತೀರಿ?" ಎಂದು ಕೇಳಿದಳು. ಹೇಳಿ ಕಳಿಸುತ್ತೇವೆ ಎಂದು ಹೋದವರು ಇನ್ನೂ ಹೇಳಿ ಕಳಿಸಿಲ್ಲ. ಗಂಗವ್ವ ಬೇರೆಯವನನ್ನು ಕಟ್ಟಿಕೊಂಡು ಈಗ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಾಳೆ.

ರೋಗ ತಿಳಿಯಿತು, ಆದರೆ ಔಷಧ ನಾನು ತಪ್ಪು ಕೊಟ್ಟೆ. ಪಕ್ಕದ ಮನೆಯ ಮಾಲತಿಕಾಕು ಸರಕಾರಿ ಕಚೇರಿಗಳಿಗೆ ಅಲೆದು ಅಲೆದು ಪಳಗಿದ ಹೆಂಗಸು. ಅವಳನ್ನು ಕೇಳಿದರೆ, "ಅಹೋ ಆಜಿ, ಪರತ್ ಪರತ್ ಅರ್ಜ್ ಕರಾಯ್ಚಾ," ಎಂದಳು. ಮತ್ತೆ ಮತ್ತೆ ಅರ್ಜಿ ಹಾಕಬೇಕಂತೆ. ನಮ್ಮದನ್ನು ಇನ್ನೊಮ್ಮೆ ನೋಡಿ ಎಂದು ಯಂತ್ರಕ್ಕೆ ಕೇಳಿಕೊಳ್ಳಲು ಒಂದು ಗುಂಡಿ ಇದೆ. ಸುನಂದಾಳ ಬೆನ್ನ ಹಿಂದೆ ನಿಂತು ನಾಷ್ಟಾ ಆದ ಮೇಲೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಚಹಾಕ್ಕೆ ಮೊದಲು ಒಮ್ಮೆ ಅದನ್ನು ಒತ್ತಿಸಿದೆ. ಇವತ್ತಿನ ಕೋಟಾ ಮುಗಿಯಿತು, ನಾಳೆ ಬನ್ನಿ ಎಂದಿತು. ರೇಶನ್ ಅಂಗಡಿಯವನ ಸಂಬಂಧಿಕನೇ ಇರಬೇಕು. ಮತ್ತೆ ಯಾರೋ ಒಬ್ಬ ವಿಡಿಯೋದಲ್ಲಿ, ಜನ ಹುಡುಕುವ ಮಾತನ್ನೇ ಲೇಖನದಲ್ಲಿ ಮೇಲಿಂದ ಮೇಲೆ ಬರೆಯಿರಿ ಎಂದಿದ್ದನಂತೆ. ಅದಕ್ಕೇ ಸುನಂದಾ ಸಾಲಿಗೊಮ್ಮೆ "ಪುಣೆಯಲ್ಲಿ ಜೋಳದ ರೊಟ್ಟಿ" ಎಂದು ಬರೆದಿದ್ದಳು. ಸಾಲುವುದಿಲ್ಲ, ಇನ್ನೂ ಹಾಕು ಎಂದೆ. ಹಾಕಿದಳು. ಯಂತ್ರ ಬಂತು, ನೋಡಿತು, ಹೋಯಿತು.

ನವರಾತ್ರಿ ಹತ್ತಿರ ಬಂತು. ಒಂದು ಮಧ್ಯಾಹ್ನ ನಾನು ಮೆಂತ್ಯಸೊಪ್ಪು ಸೋಸುತ್ತಾ ಕೂತಿದ್ದೆ. ಸುನಂದಾ ಎದುರಿಗೆ ಕೂತು ರೊಟ್ಟಿಯ ಲೇಖನ ಓದತೊಡಗಿದಳು: "ಜೋಳವು ಅನಾದಿ ಕಾಲದಿಂದಲೂ ಮಾನವನ ಆಹಾರದಲ್ಲಿ ಮಹತ್ವದ ಸ್ಥಾನವನ್ನು ಪಡೆದುಕೊಂಡಿದೆ. ಇಂದಿನ ಒತ್ತಡದ ಜೀವನಶೈಲಿಯಲ್ಲಿ ಪುಣೆಯಲ್ಲಿ ಜೋಳದ ರೊಟ್ಟಿ..." ಅಲ್ಲಿಯವರೆಗೆ ನೆನಪಿದೆ. ಕಣ್ಣು ತೆರೆದಾಗ ಸೊಪ್ಪು ನೆಲದ ಮೇಲಿತ್ತು, ಸೊಸೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಅತ್ತಿ, ರೊಟ್ಟಿ ಇನ್ನೂ ಹೆಂಚಿನ ಮ್ಯಾಲೆ ಬಿದ್ದಿಲ್ಲ, ನೀವು ಮಲಗಿಬಿಟ್ರಿ."

"ಯಾವಾಗ ಬೀಳ್ತದ?"

"ಆರನೇ ಪ್ಯಾರಾದಾಗ್ರಿ."

"ಅಲ್ಲೀತನಾ ಉಪವಾಸ ಯಾರು ಕೂಡ್ತಾರ?"

ಅವಳಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅರ್ಧ ಬಂದು ನಿಂತಿತು. ಅವಳು ನನ್ನನ್ನು ಥರ್ಮಾಮೀಟರ್ ನೋಡಿದ ಹಾಗೆ ನೋಡಿದಳು. "ನೀವ ಮಲಗಿದ ಮ್ಯಾಲೆ ಆ ಮಷೀನ್ ಏನ್ ಎಚ್ಚರ ಇದ್ದೀತು," ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಒಂದು ಕರಾರು ಮಾಡಿದಳು. ಮತ್ತೆ ಮೊದಲಿನಿಂದ ಓದುವುದು. ನನಗೆ ನಿದ್ದೆ ಬಂದ ಕಡೆ ಕತ್ತರಿ, ಎಚ್ಚರವಿದ್ದ ಕಡೆ ಒಂದಕ್ಷರವೂ ಮುಟ್ಟುವುದಿಲ್ಲ. "ನಿಮ್ಮ ಮಾತು ನಡಿಯೂದಿಲ್ರಿ, ನಿಮ್ಮ ನಿದ್ದಿ ನಡೀತದ," ಎಂದಳು. ಇಷ್ಟು ವರ್ಷದಲ್ಲಿ ನನಗೆ ಯಾರೂ ಕೊಡದ ಮರ್ಯಾದೆ. ಒಪ್ಪಿಕೊಂಡೆ.

ಸಂಜೆಯ ಹೊತ್ತಿಗೆ ಲೇಖನದಲ್ಲಿ ಹಿಟ್ಟು, ನೀರು, ಚಿಟಿಕೆ ಉಪ್ಪು ಇಷ್ಟೇ ಉಳಿದವು. ಸುನಂದಾ ಪೆಚ್ಚಾದಳು. "ಈಗ ಏನ್ ಬರೀಲ್ರಿ?"

"ನೀ ಈ ಮನಿಗೆ ಬಂದ ಹೊಸದಾಗ ರೊಟ್ಟಿ ಬಡದಿದ್ದಿ ನೋಡು, ಅದನ್ನ ಬರಿ. ಚೂರು ಚೂರು ಆಗಿತ್ತು, ಗಿರ್‍ಯಾ ಮಸರಿನ್ಯಾಗ ಕಲಿಸ್ಕೊಂಡು ತಿಂದಾ."

"ಮರ್ಯಾದಿ ಹೋಗ್ತದ್ರಿ."

"ಒಬ್ಬರೂ ಓದವಲ್ರು, ಮರ್ಯಾದಿ ಎಲ್ಲಿಂದ ಹೋಗ್ತದ?"

ಮರುದಿನ ಮಧ್ಯಾಹ್ನ ಹೊಸದನ್ನು ಓದಿದಳು. ಮೊದಲ ಸಾಲಿನಲ್ಲೇ ರೊಟ್ಟಿ ಹರಿದಿತ್ತು. ನಾನು ಕಾಲು ಮಡಚಿ ಕೂತೆ. ಯಾಕೆ ಹರಿಯುತ್ತದೆ ಎಂದು ಒಂದೊಂದೇ ಬಿಡಿಸಿ ಬರೆದಿದ್ದಳು: ಬೀಸಿ ಬಹಳ ದಿನವಾದ ಹಿಟ್ಟಿನ ಜಿಗುಟು ಹೋಗಿರುತ್ತದೆ, ಅಂಥ ಹಿಟ್ಟಿಗೆ ಕುದಿಯುವ ಎಸರು ಹಾಕಿ ಕಲಸಬೇಕು, ಅಂಗೈ ಬುಡದಿಂದ ಚೆನ್ನಾಗಿ ನಾದದೆ ಬಡಿಯಬಾರದು. ನಿದ್ದೆಯ ಸುಳಿವೇ ಇಲ್ಲ. ಆಮೇಲೆ ಕೊನೆಯ ಕಾರಣ ಬಂತು: "ಅತ್ತೆ ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ಎಂಥ ಹೊಸ ಹಿಟ್ಟಿನ ರೊಟ್ಟಿಯೂ ಹರಿಯುತ್ತದೆ. ಅವರನ್ನು ಕೊತ್ತಂಬರಿ ತರಲು ಕಳಿಸಿ, ಆಮೇಲೆ ಬಡಿಯಿರಿ."

"ಇದನ್ನ ತಗಿ," ಎಂದೆ.

"ನಿದ್ದಿ ಬಂತೇನ್ರಿ?"

"ನಿದ್ದಿ ಹೆಂಗ ಬರ್ತದ? ಮೈ ಉರೀಲಿಕತ್ತದ."

"ಹಂಗಾರ ಇರಲ್ರಿ. ಕರಾರು ಅಂದ್ರ ಕರಾರು."

ನಾನು ಸುಮ್ಮನಿರಲಿಲ್ಲ. ಇನ್ನೊಮ್ಮೆ ಓದು ಎಂದು ಹೇಳಿ, ಸರಿಯಾಗಿ ಆ ಜಾಗಕ್ಕೆ ಕಣ್ಣು ಮುಚ್ಚಿ ಗೊರಕೆ ಹೊಡೆದೆ. ಅವಳು ಓದುವುದನ್ನು ನಿಲ್ಲಿಸಿ, "ಅಯ್ಯ, ಇವತ್ತ ಕೊತ್ತಂಬರಿನ ಇಲ್ಲಲ್ಲಾ ಮನ್ಯಾಗ," ಎಂದಳು ಮೆಲ್ಲಗೆ. "ಅದ ನೋಡು, ಒದ್ದಿ ಅರಿವ್ಯಾಗ ಸುತ್ತಿಟ್ಟೀನಿ," ಎಂದಿತು ನನ್ನ ಬಾಯಿ. ಸಿಕ್ಕಿಬಿದ್ದೆ. ಮದುವೆಯಾದ ಹೊಸತರಲ್ಲಿ ಈ ಹುಡುಗಿ ದಿನಾ ನನ್ನನ್ನು ಕೊತ್ತಂಬರಿ ತರಲು ಯಾಕೆ ಕಳಿಸುತ್ತಿದ್ದಳು ಎಂಬುದು ಆವತ್ತು ನನಗೆ ಹೊಳೆಯಿತು. ನಡೆದರೆ ಅತ್ತೆಯ ಮೊಣಕಾಲಿಗೆ ಒಳ್ಳೆಯದು ಎನ್ನುತ್ತಿದ್ದಳು.

ಲೇಖನ ಹಾಗೆಯೇ ಹೋಯಿತು. ಗುಂಡಿಯನ್ನು ಒಂದೇ ಸಲ ಒತ್ತಿದಳು. ಆಯುಧಪೂಜೆಯ ದಿನ ಗಿರೀಶ ಸ್ಕೂಟರಿಗೆ, ಪಾನಾ ಇಕ್ಕಳಕ್ಕೆ, ಜೊತೆಗೆ ಅವಳ ಲ್ಯಾಪ್‌ಟಾಪಿಗೂ ಅರಿಸಿನ ಕುಂಕುಮ ಹಚ್ಚಿ ಚೆಂಡುಹೂವು ಇಟ್ಟ. ಬೀಳ್ಕೊಡುಗೆಯ ಪೂಜೆಯಂತೆ ಕಂಡಿತು ನನಗೆ. ಸುನಂದಾ ಹೂವು ಸರಿಸಲೂ ಇಲ್ಲ. ದಸರೆಯ ಬೆಳಿಗ್ಗೆ ಹೂವು ತೆಗೆದು ತೆರೆದಳು, ಬಹಳ ಹೊತ್ತು ನೋಡಿದಳು. ನಾನು ಒಲೆಯ ಮೇಲಿನ ಹಾಲು ಬಿಟ್ಟು ಬಂದೆ.

"ಸೇರಿಸ್ಯಾರ್ರಿ," ಎಂದಳು.

ಗಿರೀಶ ನಂಬಲಿಲ್ಲ. ತನ್ನ ಫೋನಿನಲ್ಲಿ, ಜೋಳದ ರೊಟ್ಟಿ ಯಾಕೆ ಹರಿಯುತ್ತದೆ ಎಂದು ಹುಡುಕಿದ. ಎರಡು ವಿಡಿಯೋಗಳ ಕೆಳಗೆ ನಮ್ಮ ಸುನಂದಾ. ಅವನು ನಿಂತಲ್ಲೇ ಓದಿಕೊಂಡು ಹೋದ, ಕೊನೆಯ ಕಾರಣಕ್ಕೆ ಬಂದು ಬಿಕ್ಕಳಿಕೆ ಹತ್ತುವಷ್ಟು ನಕ್ಕ. ಹಾಲು ಉಕ್ಕಿ ಒಲೆ ಆರಿತು, ಯಾರೂ ಬೈಯಲಿಲ್ಲ. ಸಂಜೆ ಬನ್ನಿ ಕೊಡಲು ಬಂದವರಿಗೆಲ್ಲ ಅವನೇ ಫೋನು ಹಿಡಿದು ತೋರಿಸಿದ. ಅರಿಸಿನ ಹಚ್ಚಿದ್ದಕ್ಕೇ ಆದದ್ದು ಎಂದು ಅವನು ಇವತ್ತಿಗೂ ಹೇಳುತ್ತಾನೆ.

ಈಗ ಲೇಖನದ ಕೆಳಗೆ ಜನ ಬರೆಯುತ್ತಾರೆ. ಹಿಟ್ಟಿನ ಬಗ್ಗೆ ಕೇಳುವವರು ಕಡಿಮೆ. ಎಲ್ಲರಿಗೂ ಕೊತ್ತಂಬರಿ ಬೇಕು. ಯೆರವಡಾದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಬೆಂಗಳೂರಿನ ಹುಡುಗಿಯೊಬ್ಬಳು, "ನಮ್ಮತ್ತೆ ಅಂಗಡಿಗೇ ಹೋಗಲ್ಲ ಮೇಡಂ, ಎಲ್ಲಾ ಫೋನಲ್ಲೇ ತರಿಸ್ತಾರೆ, ನಾನೇನ್ ಮಾಡ್ಲಿ?" ಎಂದು ಬರೆದಿದ್ದಾಳೆ. ಸುನಂದಾ ಹಳೆಯ ಲೇಖನಗಳನ್ನೆಲ್ಲ ತಿರುಗಿ ಬರೆಯುತ್ತಿದ್ದಾಳೆ. ಬೆಳಿಗ್ಗೆ ಬರೆಯುತ್ತಾಳೆ, ಮಧ್ಯಾಹ್ನ ನನಗೆ ಓದುತ್ತಾಳೆ. ಬೆಳಿಗ್ಗೆ ಬರೆಯುವವಳು ರೊಟ್ಟಿ ಹೇಗೆ ಬಡಿದಾಳು? ಹಾಗಾಗಿ ಐದು ಗಂಟೆಗೆ ಎದ್ದು ಗಿರೀಶನ ಡಬ್ಬಿ ಕಟ್ಟುವುದು ನಾನೇ. ಮೊಣಕಾಲಿಗೆ ಇನ್ನೂ ಈ ವಿಷಯ ಸರಿಯಾಗಿ ತಿಳಿಸಿಲ್ಲ.

ಇದನ್ನೂ ನಾನು ಬಾಯಲ್ಲಿ ಹೇಳಿದೆ, ಅವಳು ಟೈಪ್ ಮಾಡಿದಳು, ಆಮೇಲೆ ಕರಾರಿನಂತೆ ನನಗೇ ಓದಿದಳು. ನಡುವೆ ಒಂದು ದೊಡ್ಡ ಪ್ಯಾರಾ ಇತ್ತು. ಹರೆಯದಲ್ಲಿ ನಾನು ಎಂಥ ರೊಟ್ಟಿ ಬಡಿಯುತ್ತಿದ್ದೆ, ಊರ ಮಂದಿ ಹೇಗೆ ಬಾಯಿ ಚಪ್ಪರಿಸಿ ಹೊಗಳುತ್ತಿದ್ದರು ಎಂದೆಲ್ಲ ವಿಸ್ತಾರವಾಗಿ ಹೇಳಿದ್ದೆ. ಅದು ನಿಮಗೆ ಇಲ್ಲಿ ಸಿಗುವುದಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ನಾನು ಗೊರಕೆ ಹೊಡೆಯುತ್ತಿದ್ದೆನಂತೆ.